ಯುದ್ಧ ಬೇಡ ಅಂತಿದ್ದ ದೇಶ, ಒಂದು ಭಾನುವಾರದ ಬೆಳಿಗ್ಗೆ: ಪರ್ಲ್ ಹಾರ್ಬರ್ ಪ್ರಕರಣ

ಭಾನುವಾರ ಬೆಳಿಗ್ಗೆ. ಹವಾಯಿಯ ಓಆಹು ದ್ವೀಪದ ಉತ್ತರ ತುದಿಯಲ್ಲಿ, ಓಪಾನಾ ಅನ್ನೋ ಗುಡ್ಡದ ಮೇಲೆ, ಸೈನ್ಯದ ಇಬ್ಬರು ಹುಡುಗರು ರೇಡಾರ್ ಯಂತ್ರದ ಮುಂದೆ ಕೂತಿದ್ದಾರೆ. 7 ಗಂಟೆಗೆ ಅವರ ಪಾಳಿ ಮುಗಿದಿದೆ. ಯಂತ್ರ ಆಫ್ ಮಾಡಿ ಹೊರಡಬೇಕು, ಆದರೆ ತಿಂಡಿಗೆ ಕರೆದುಕೊಂಡು ಹೋಗೋ ಲಾರಿ ಬಂದಿಲ್ಲ. ಅದು ಬರೋವರೆಗೆ ಸ್ವಲ್ಪ ಅಭ್ಯಾಸ ಮಾಡೋಣ ಅಂತ ಯಂತ್ರವನ್ನು ಹಾಗೇ ಬಿಟ್ಟರು. 7.02ಕ್ಕೆ ಪರದೆ ಮೇಲೆ ಒಂದು ದೊಡ್ಡ ಗುರುತು ಎದ್ದಿತು. ಅಷ್ಟು ದೊಡ್ಡದನ್ನು ಅವರು ಯಾವತ್ತೂ ನೋಡಿರಲಿಲ್ಲ. ಯಂತ್ರವೇ ಕೆಟ್ಟಿರಬೇಕು ಅನಿಸಿತು. ಪರೀಕ್ಷೆ ಮಾಡಿದರು, ಕೆಟ್ಟಿರಲಿಲ್ಲ. ಸುಮಾರು 200 ಕಿಲೋಮೀಟರ್ ದೂರದಿಂದ, ಉತ್ತರದ ಕಡೆಯಿಂದ, ವಿಮಾನಗಳ ದೊಡ್ಡ ಗುಂಪೊಂದು ಬರ್ತಾ ಇತ್ತು.

ಫೋನ್ ಮಾಡಿದರು. ಆ ಕಡೆ ಇದ್ದ ಯುವ ಅಧಿಕಾರಿಗೆ ಆ ಕೆಲಸ ತೀರಾ ಹೊಸದು. ಕ್ಯಾಲಿಫೋರ್ನಿಯಾದಿಂದ ನಮ್ಮದೇ ಬಿ-17 ಬಾಂಬರ್‌ಗಳು ಆ ಬೆಳಿಗ್ಗೆ ಬರಲಿವೆ ಅನ್ನೋ ಅಂದಾಜು ಅವರಿಗಿತ್ತು. ತಲೆ ಕೆಡಿಸಿಕೊಳ್ಳಬೇಡಿ ಅಂದರು. ಹುಡುಗರು ಇನ್ನೂ ಸ್ವಲ್ಪ ಹೊತ್ತು ಆ ಗುರುತನ್ನು ಹಿಂಬಾಲಿಸಿದರು. ಕೊನೆಗೆ ಅದು ಗುಡ್ಡಗಳ ಮರೆಗೆ ಹೋಯಿತು. ಲಾರಿ ಬಂತು.

ಅವತ್ತು 1941ರ ಡಿಸೆಂಬರ್ 7. ಬರ್ತಾ ಇದ್ದದ್ದು ಜಪಾನಿನ ವಿಮಾನಗಳು, ಅವುಗಳ ಗುರಿ ಅದೇ ದ್ವೀಪದ ಪರ್ಲ್ ಹಾರ್ಬರ್ ಅನ್ನೋ ಅಮೆರಿಕದ ನೌಕಾನೆಲೆ. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಅಮೆರಿಕ ಎರಡನೇ ಮಹಾಯುದ್ಧದಲ್ಲಿತ್ತು.

ಈ ಪ್ರಕರಣವನ್ನು ನಾನು ಇಷ್ಟು ವಿವರವಾಗಿ ಬರೆಯೋದಕ್ಕೆ ಕಾರಣ ಇದೆ. ಎರಡು ವರ್ಷಕ್ಕೂ ಜಾಸ್ತಿ ಕಾಲ ಒಂದು ಇಡೀ ದೇಶ ಯುದ್ಧಕ್ಕೆ ಹೋಗೋದು ಬೇಡ ಅಂತ ಹಟ ಹಿಡಿದಿತ್ತು. ಅದರ ಅಧ್ಯಕ್ಷರು ಎಷ್ಟು ಪ್ರಯತ್ನಪಟ್ಟರೂ ಆ ಮನಸ್ಸು ಪೂರ್ತಿ ಬದಲಾಗಲಿಲ್ಲ. ಎದುರಾಳಿ ಎರಡು ಗಂಟೆಯಲ್ಲಿ ಬದಲಾಯಿಸಿದ. ಹೇಗೆ? ದೇಶಗಳ ಮತ್ತು ದೊಡ್ಡ ನಾಯಕರ ಹೆಸರು ಮುಚ್ಚಿಡೋ ಹಾಗಿಲ್ಲ, ಅವು ಎಲ್ಲರಿಗೂ ಗೊತ್ತು. ಆದರೆ ರೇಡಾರ್ ಹುಡುಗರು, ಫೋನ್ ಎತ್ತಿದ ಅಧಿಕಾರಿ, ಹಡಗಿನ ಒಳಗೆ ಸಿಕ್ಕಿಕೊಂಡವರು, ಇಂಥವರ ಹೆಸರನ್ನು ಬೇಕಂತಲೇ ಹಾಕಿಲ್ಲ. ಆ ಕುರ್ಚಿಯಲ್ಲಿ ಯಾರಿದ್ದರೂ ಬಹುಶಃ ಅದನ್ನೇ ಹೇಳುತ್ತಿದ್ದರು. ಅವರ ಮೇಲೆ ಬೊಟ್ಟು ಮಾಡೋದರಿಂದ ನಾವು ಕಲಿಯೋದು ಏನೂ ಇಲ್ಲ.

ಬೇಡ ಅನ್ನೋದರ ಬೇರು

ಅಮೆರಿಕದ ಹಿಂಜರಿಕೆಯನ್ನು ಹೇಡಿತನ ಅಂತಲೋ ಸ್ವಾರ್ಥ ಅಂತಲೋ ತಳ್ಳಿಹಾಕೋದು ಸುಲಭ. ನನಗೆ ಹಾಗೆ ಕಾಣೋದಿಲ್ಲ. ಮೊದಲನೇ ಮಹಾಯುದ್ಧದಲ್ಲಿ ಅವರ ಸುಮಾರು 1,16,000 ಸೈನಿಕರು ಸತ್ತಿದ್ದರು. ಯುದ್ಧಗಳಿಗೆಲ್ಲ ಕೊನೆ ಹಾಡೋ ಯುದ್ಧ ಅಂತ ಹೇಳಿ ಕಳಿಸಿದ್ದರು. ಇಪ್ಪತ್ತು ವರ್ಷದಲ್ಲಿ ಯುರೋಪ್ ಮತ್ತೆ ಹೊತ್ತಿಕೊಂಡಿತು. ಮಧ್ಯದಲ್ಲಿ 1930ರ ದಶಕದ ಆರ್ಥಿಕ ಕುಸಿತ, ಕೆಲಸ ಇಲ್ಲ, ಬ್ಯಾಂಕ್‌ನಲ್ಲಿಟ್ಟ ದುಡ್ಡು ಇಲ್ಲ. 1934ರಿಂದ ಸೆನೆಟರ್ ಜೆರಾಲ್ಡ್ ನೈ ಅವರ ಸಮಿತಿ ವಿಚಾರಣೆ ನಡೆಸಿ, ಕಳೆದ ಯುದ್ಧದಲ್ಲಿ ಮದ್ದುಗುಂಡು ಮಾರಿದವರು, ಸಾಲ ಕೊಟ್ಟವರು ಎಷ್ಟು ಲಾಭ ಮಾಡಿದರು ಅನ್ನೋದನ್ನು ಜನರ ಮುಂದಿಟ್ಟಿತು. ಮಗನನ್ನು ಕಳೆದುಕೊಂಡ ಮನೆಯವರು ಇದನ್ನು ಪತ್ರಿಕೆಯಲ್ಲಿ ಓದಿದರೆ ಏನನ್ನಿಸಬೇಕು?

ಹಾಗಾಗಿ 1935ರಿಂದ ಒಂದರ ಹಿಂದೆ ಒಂದು ತಟಸ್ಥ ಕಾಯ್ದೆ ಬಂದವು. ಯುದ್ಧದಲ್ಲಿರೋ ದೇಶಕ್ಕೆ ಆಯುಧ ಮಾರಬಾರದು, ಸಾಲ ಕೊಡಬಾರದು, ಅವರ ಹಡಗಿನಲ್ಲಿ ನಮ್ಮವರು ಓಡಾಡಬಾರದು. 1937ರ ಡಿಸೆಂಬರ್‌ನಲ್ಲಿ ಚೀನಾದ ಯಾಂಗ್ಟ್ಸೆ ನದಿಯಲ್ಲಿ ಜಪಾನಿನ ವಿಮಾನಗಳು ಪನಾಯ್ ಅನ್ನೋ ಅಮೆರಿಕದ ಸಣ್ಣ ಯುದ್ಧನೌಕೆಯನ್ನು ಮುಳುಗಿಸಿದವು. ಜನ ಸತ್ತರು. ಜಪಾನ್ ಕ್ಷಮೆ ಕೇಳಿತು, 22 ಲಕ್ಷ ಡಾಲರ್ ಪರಿಹಾರ ಕೊಟ್ಟಿತು, ಅಮೆರಿಕ ಅಲ್ಲಿಗೇ ಬಿಟ್ಟಿತು. ಅಷ್ಟೇ ಅಲ್ಲ, ಅದಾದ ಒಂದು ತಿಂಗಳೊಳಗೆ, ಯುದ್ಧ ಸಾರಬೇಕಾದರೆ ಮೊದಲು ಇಡೀ ದೇಶದ ಜನಮತ ತೆಗೆದುಕೊಳ್ಳಬೇಕು ಅನ್ನೋ ಸಂವಿಧಾನ ತಿದ್ದುಪಡಿಯನ್ನು ಚರ್ಚೆಗೆ ತರಬೇಕು ಅಂತ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕೆಳಮನೆಯಲ್ಲಿ, ಅಂದರೆ ಪ್ರತಿನಿಧಿ ಸಭೆಯಲ್ಲಿ, 188 ಮಂದಿ ಮತ ಹಾಕಿದರು. ವಿರುದ್ಧ 209. ಅದು ಹತ್ತಿರ ಹತ್ತಿರ ಗೆದ್ದೇಬಿಟ್ಟಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ, ಈ ಪ್ರಕರಣದ ಕೀಲಿಯೇ ಇದು. ಆ ತಿದ್ದುಪಡಿಯಲ್ಲೂ ಒಂದು ವಿನಾಯಿತಿ ಇತ್ತು. ನಮ್ಮ ನೆಲದ ಮೇಲೆ ದಾಳಿಯಾದರೆ ಜನಮತ ಬೇಕಿಲ್ಲ. 1940ರ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರಣಾಳಿಕೆ ವಿದೇಶದ ಯುದ್ಧಗಳಿಗೆ ಹೋಗೋದಿಲ್ಲ ಅಂದಿತು, ಜೊತೆಗೆ "ದಾಳಿಯಾದರೆ ಬೇರೆ ಮಾತು" ಅಂತಲೂ ಸೇರಿಸಿತು. ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಮುಂಚೂಣಿಯಲ್ಲಿದ್ದ, ಲಕ್ಷಾಂತರ ಸದಸ್ಯರಿದ್ದ ಅಮೆರಿಕ ಫಸ್ಟ್ ಸಮಿತಿ ಕೂಡ ರಕ್ಷಣೆ ಬೇಡ ಅಂದಿರಲಿಲ್ಲ, ನಮ್ಮ ಮನೆಯನ್ನು ಗಟ್ಟಿಯಾಗಿ ಕಾಯೋಣ, ಬೇರೆಯವರ ಜಗಳಕ್ಕೆ ಹೋಗೋದು ಬೇಡ ಅಂತಿತ್ತು. ಅಂದರೆ ಎಲ್ಲರ "ಬೇಡ" ಅನ್ನೋ ಮಾತಿನ ಒಳಗೂ ಒಂದು ಬಾಗಿಲು ಇತ್ತು. ಆ ಬಾಗಿಲಿನ ಮೇಲೆ ಬರೆದಿದ್ದು ಒಂದೇ: ದಾಳಿಯಾದರೆ.

ನಮ್ಮ ಕಥೆ ನೆನಪಿಸಿಕೊಂಡರೆ ಈ ಚರ್ಚೆಯ ಬೆಲೆ ಗೊತ್ತಾಗುತ್ತದೆ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿಥ್‌ಗೋ ಭಾರತ ಯುದ್ಧದಲ್ಲಿದೆ ಅಂತ ಘೋಷಿಸಿದರು. ಇಲ್ಲಿನ ಯಾವ ನಾಯಕರನ್ನೂ ಕೇಳಲಿಲ್ಲ. ಅಮೆರಿಕದವರು ಎರಡು ವರ್ಷ ಜಗಳವಾಡಿದರು, ಒಬ್ಬರನ್ನೊಬ್ಬರು ಬೈದುಕೊಂಡರು, ಮತ ಹಾಕಿದರು. ಆ ಹಕ್ಕು ಅವರಿಗಿತ್ತು.

ಮಧ್ಯದ ದಾರಿ ಹುಡುಕಿದ್ದು

ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್‌ಗೆ ಬ್ರಿಟನ್ ಬಿದ್ದರೆ ಮುಂದಿನ ಸರದಿ ತಮ್ಮದು ಅನ್ನೋ ಭಯ ಇತ್ತು. ಆದರೆ ಜನರನ್ನು ಬಿಟ್ಟು ಮುಂದೆ ಓಡಿದರೆ ಎಲ್ಲ ಕೆಡುತ್ತದೆ ಅಂತಲೂ ಗೊತ್ತಿತ್ತು. ಅದಕ್ಕೆ ಒಂದೊಂದೇ ಹೆಜ್ಜೆ ಇಟ್ಟರು. 1940ರ ಸೆಪ್ಟೆಂಬರ್‌ನಲ್ಲಿ 50 ಹಳೇ ಡಿಸ್ಟ್ರಾಯರ್ ಹಡಗುಗಳನ್ನು ಬ್ರಿಟನ್‌ಗೆ ಕೊಟ್ಟು ಬದಲಿಗೆ ನೆಲೆಗಳನ್ನು ಪಡೆದರು. 1941ರ ಮಾರ್ಚ್‌ನಲ್ಲಿ ಲೆಂಡ್-ಲೀಸ್ ಕಾಯ್ದೆ, ಅಂದರೆ ಬ್ರಿಟನ್‌ನಂಥ ದೇಶಗಳಿಗೆ ಯುದ್ಧ ಸಾಮಗ್ರಿಯನ್ನು ಎರವಲಾಗಿ ಕೊಡೋ ಕಾನೂನು. ಆಮೇಲೆ ಅಟ್ಲಾಂಟಿಕ್‌ನಲ್ಲಿ ಸರಕು ಹಡಗುಗಳಿಗೆ ಕಾವಲು. ಸಹಾಯ ಮಾಡಿ ಅಂತ ಹೆಚ್ಚಿನ ಜನ ಒಪ್ಪುತ್ತಿದ್ದರು, ಯುದ್ಧಕ್ಕೆ ಹೋಗೋಣವಾ ಅಂದರೆ ಅದೇ ಜನ ಬೇಡ ಅಂತಿದ್ದರು. 1941ರ ಆಗಸ್ಟ್‌ನಲ್ಲಿ ಸೈನ್ಯಕ್ಕೆ ಕರೆಸಿಕೊಂಡ ಹುಡುಗರ ಸೇವಾ ಅವಧಿ ವಿಸ್ತರಿಸೋ ಮಸೂದೆ ಪ್ರತಿನಿಧಿ ಸಭೆಯಲ್ಲಿ ಪಾಸಾಗಿದ್ದು 203-202ರಲ್ಲಿ. ಒಂದೇ ಒಂದು ಮತ! ಅದೂ ಪರ್ಲ್ ಹಾರ್ಬರ್‌ಗೆ ನಾಲ್ಕು ತಿಂಗಳು ಕೂಡ ಇಲ್ಲದಿದ್ದಾಗ.

ಅಟ್ಲಾಂಟಿಕ್‌ನಲ್ಲಿ ರಕ್ತ ಆಗಲೇ ಹರಿದಿತ್ತು. ಅಕ್ಟೋಬರ್ 17ರಂದು ಕೀರ್ನಿ ಅನ್ನೋ ಹಡಗಿಗೆ ಜರ್ಮನ್ ಟಾರ್ಪಿಡೊ ಬಡಿದು 11 ಮಂದಿ ಸತ್ತರು. ಅಕ್ಟೋಬರ್ 31ರಂದು ರೂಬೆನ್ ಜೇಮ್ಸ್ ಅನ್ನೋ ಡಿಸ್ಟ್ರಾಯರ್ ಮುಳುಗೇಹೋಯಿತು, ನೂರಕ್ಕೂ ಹೆಚ್ಚು ನಾವಿಕರು ಹೋದರು. ಯುದ್ಧ ಶುರುವಾಗಲಿಲ್ಲ. ಯಾಕೆ ಅಂತ ಯೋಚಿಸಿ. ಆ ಹಡಗು ಐಸ್‌ಲ್ಯಾಂಡ್ ಹತ್ತಿರ, ಬ್ರಿಟನ್ ಕಡೆ ಹೋಗುತ್ತಿದ್ದ ಸರಕಿಗೆ ಕಾವಲಾಗಿತ್ತು. ವಿರೋಧಿಗಳು "ನಾವೇ ಬೆಂಕಿ ಹತ್ತಿರ ಹೋಗಿ ನಿಂತಿದ್ದೇವೆ, ಸುಟ್ಟುಕೊಂಡಿದ್ದೇವೆ" ಅಂತ ಹೇಳಬಹುದಿತ್ತು, ಹೇಳಿದರು ಕೂಡ. ಆ ಮಾತಿನಲ್ಲಿ ಹುರುಳಿತ್ತು. ಎರಡು ವಾರದ ನಂತರ ತಟಸ್ಥ ಕಾಯ್ದೆ ಸಡಿಲಿಸೋ ಮತ ನಡೆದಾಗಲೂ ಸೆನೆಟ್‌ನಲ್ಲಿ 50-37, ಪ್ರತಿನಿಧಿ ಸಭೆಯಲ್ಲಿ 212-194. ದೇಶ ಇನ್ನೂ ಎರಡು ಹೋಳಾಗೇ ಇತ್ತು.

ಜಪಾನಿನ ಲೆಕ್ಕ

ಈ ಕಡೆ ಶಾಂತ ಸಾಗರದಲ್ಲಿ ಬೇರೆ ಕಥೆ. ಜಪಾನ್ 1937ರಿಂದ ಚೀನಾದಲ್ಲಿ ಯುದ್ಧ ಮಾಡ್ತಾ ಸಿಕ್ಕಿಹಾಕಿಕೊಂಡಿತ್ತು. 1940ರಲ್ಲಿ ಜರ್ಮನಿ, ಇಟಲಿ ಜೊತೆ ಒಪ್ಪಂದ ಮಾಡಿಕೊಂಡಿತು. 1941ರ ಜುಲೈನಲ್ಲಿ ಅದರ ಸೈನ್ಯ ದಕ್ಷಿಣ ಇಂಡೋಚೈನಾಕ್ಕೆ ಇಳಿಯಿತು. ಅಮೆರಿಕ ಜಪಾನಿನ ಆಸ್ತಿ ಮುಟ್ಟುಗೋಲು ಹಾಕಿಕೊಂಡಿತು, ಎಣ್ಣೆ ನಿಂತುಹೋಯಿತು. ಜಪಾನ್ ತನ್ನ ಎಣ್ಣೆಯ ಬಹುಪಾಲನ್ನು ಅಮೆರಿಕದಿಂದಲೇ ತರಿಸುತ್ತಿತ್ತು. ಟ್ಯಾಂಕಿನಲ್ಲಿ ಇರೋದು ದಿನ ದಿನ ಕಡಿಮೆ ಆಗ್ತಾ ಹೋಗೋದನ್ನು ನೋಡ್ತಾ ಕೂತ ನೌಕಾಪಡೆಗೆ ಎರಡೇ ದಾರಿ ಕಂಡವು. ಚೀನಾದಿಂದ ಹಿಂದೆ ಸರಿಯೋದು, ಇಲ್ಲವೇ ಡಚ್ಚರ ಇಂಡೀಸ್‌ನ (ಇಂದಿನ ಇಂಡೋನೇಷ್ಯಾ) ಎಣ್ಣೆ ಬಾವಿಗಳನ್ನು ಕಿತ್ತುಕೊಳ್ಳೋದು. ಮೊದಲನೆಯದಕ್ಕೆ ಸೈನ್ಯ ತಯಾರಿರಲಿಲ್ಲ.

ನನ್ನ ಪ್ರಕಾರ ಇಡೀ ಪ್ರಕರಣದ ದೊಡ್ಡ ತಿರುವು ಇದೇ. ಜಪಾನ್ ಡಚ್ಚರ ಇಂಡೀಸ್ ಮತ್ತು ಬ್ರಿಟಿಷರ ಮಲಯಾದ ಮೇಲೆ ಮಾತ್ರ ಬಿದ್ದಿದ್ದರೆ ಏನಾಗುತ್ತಿತ್ತು? ದೂರದ ಯುರೋಪಿಯನ್ ವಸಾಹತುಗಳನ್ನು ಉಳಿಸೋದಕ್ಕೆ ನಿಮ್ಮ ಮಕ್ಕಳನ್ನು ಕಳಿಸಿ ಅಂತ ರೂಸ್‌ವೆಲ್ಟ್ ತಮ್ಮ ಜನರನ್ನು ಕೇಳಬೇಕಿತ್ತು. ಒಂದು ಮತದ ಅಂತರದಲ್ಲಿ ಮಸೂದೆ ಪಾಸು ಮಾಡುವ ಸಭೆಯ ಮುಂದೆ! ಆ ಜಗಳ ತಿಂಗಳುಗಟ್ಟಲೆ ನಡೆಯುತ್ತಿತ್ತು. ಆದರೆ ಟೋಕಿಯೋದಲ್ಲಿ ಕೂತವರಿಗೆ ಅಮೆರಿಕದ ಜನರ ಮನಸ್ಸು ಕಾಣಲಿಲ್ಲ. ಹಡಗುಗಳು ಕಂಡವು. ದಕ್ಷಿಣಕ್ಕೆ ಹೋಗುವಾಗ ಪಕ್ಕದಲ್ಲಿ ಫಿಲಿಪ್ಪೀನ್ಸ್, ಅಲ್ಲಿ ಅಮೆರಿಕದ ಪಡೆ. ಹಿಂದೆ ಹವಾಯಿಯಲ್ಲಿ ಅವರ ಪೂರ್ತಿ ಶಾಂತ ಸಾಗರ ನೌಕಾದಳ. 1940ರಲ್ಲಿ ಜಪಾನನ್ನು ಹೆದರಿಸಲಿ ಅಂತಲೇ ಅಮೆರಿಕ ಆ ದಳವನ್ನು ಪರ್ಲ್ ಹಾರ್ಬರ್‌ನಲ್ಲಿ ನಿಲ್ಲಿಸಿತ್ತು. ಹೆದರಿಸೋದಕ್ಕೆ ಇಟ್ಟಿದ್ದು ಗುರಿಯಾಯಿತು.

ಈ ದಾಳಿಯ ಯೋಜನೆ ಹಾಕಿದ ಜಪಾನಿನ ಅಡ್ಮಿರಲ್ ಯಮಮೊಟೊ ಅಮೆರಿಕದಲ್ಲಿ ಇದ್ದು ಬಂದವರು, ಹಾರ್ವರ್ಡ್‌ನಲ್ಲಿ ಓದಿದವರು. ಆ ದೇಶದ ಕಾರ್ಖಾನೆಗಳ ಶಕ್ತಿ ಅವರಿಗೆ ಗೊತ್ತಿತ್ತು. ಈ ಯುದ್ಧ ಬೇಡ ಅಂತಲೇ ಇದ್ದರು. ಆರು ತಿಂಗಳೋ ಒಂದು ವರ್ಷವೋ ನಾನು ಗೆಲ್ಲುತ್ತಾ ಹೋಗಬಲ್ಲೆ, ಆಮೇಲಿನದ್ದಕ್ಕೆ ನನಗೆ ಭರವಸೆ ಇಲ್ಲ ಅಂತ ಪ್ರಧಾನಿ ಕೊನೊಯೆ ಅವರಿಗೆ ಹೇಳಿದ್ದರು. ಆದರೂ ಯುದ್ಧ ಆಗೋದೇ ಆದರೆ ಮೊದಲ ಏಟಿಗೇ ಎದುರಾಳಿಯ ಮನಸ್ಸು ಮುರಿಯಬೇಕು ಅಂದುಕೊಂಡರು. ಹಡಗು ಮುಳುಗಿಸಬಹುದು ಅನ್ನೋ ಲೆಕ್ಕ ಸರಿ ಇತ್ತು. ಮನಸ್ಸು ಮುರಿಯುತ್ತದೆ ಅನ್ನೋ ಲೆಕ್ಕ ಪೂರ್ತಿ ತಪ್ಪಾಯಿತು.

ತಯಾರಿ ಮಾತ್ರ ಅಚ್ಚುಕಟ್ಟು. ಪರ್ಲ್ ಹಾರ್ಬರ್‌ನ ನೀರಿನ ಆಳ ಸುಮಾರು 12 ಮೀಟರ್. ವಿಮಾನದಿಂದ ಬಿಟ್ಟ ಟಾರ್ಪಿಡೊ ಅಷ್ಟು ಆಳದಲ್ಲಿ ಕೆಸರಿಗೆ ಹೂತುಕೊಳ್ಳುತ್ತದೆ ಅನ್ನೋದು ಸಾಮಾನ್ಯ ನಂಬಿಕೆ. ಜಪಾನಿನವರು ಟಾರ್ಪಿಡೊಗೆ ಮರದ ರೆಕ್ಕೆ ಕಟ್ಟಿ ಆ ಸಮಸ್ಯೆ ಬಗೆಹರಿಸಿದರು. ನವೆಂಬರ್ 26ರಂದು ಆರು ವಿಮಾನವಾಹಕ ಹಡಗುಗಳು ಕುರಿಲ್ ದ್ವೀಪಗಳ ಒಂದು ಕೊಲ್ಲಿಯಿಂದ ಹೊರಟವು. ರೇಡಿಯೊ ಮೌನ. ಉತ್ತರದ ಒರಟು ಸಮುದ್ರ, ಅಲ್ಲಿ ಬೇರೆ ಹಡಗು ಓಡಾಡೋದು ಕಡಿಮೆ.

ಗೊತ್ತಿದ್ದೂ ಗೊತ್ತಾಗದೇ ಹೋದದ್ದು

ಈ ಭಾಗ ಓದುವಾಗ ಪ್ರತಿ ಸಲ ನನಗೆ ಸಂಕಟವಾಗುತ್ತದೆ. ಅಮೆರಿಕ ಜಪಾನಿನ ರಾಜತಾಂತ್ರಿಕ ಸಂಕೇತವನ್ನು ಒಡೆದಿತ್ತು. ರಾಯಭಾರಿಗಳಿಗೆ ಹೋಗೋ ತಂತಿಗಳನ್ನು ವಾಷಿಂಗ್ಟನ್‌ನಲ್ಲಿ ಓದುತ್ತಿದ್ದರು. ನವೆಂಬರ್ 27ರಂದೇ ಹವಾಯಿಯ ನೌಕಾ ಮುಖ್ಯಸ್ಥ ಅಡ್ಮಿರಲ್ ಕಿಮ್ಮೆಲ್ ಅವರಿಗೆ, ಇದನ್ನು ಯುದ್ಧದ ಎಚ್ಚರಿಕೆ ಅಂತಲೇ ತಿಳಿಯಿರಿ ಅನ್ನೋ ಸಂದೇಶ ಹೋಗಿತ್ತು. ಆದರೆ ಅದರಲ್ಲಿದ್ದ ಊರುಗಳ ಹೆಸರು ಫಿಲಿಪ್ಪೀನ್ಸ್, ಥಾಯ್ ಕಡೆ, ಬೋರ್ನಿಯೊ. ಹವಾಯಿ ಇರಲಿಲ್ಲ. ದಾಳಿ ಎಲ್ಲೋ ದೂರದಲ್ಲಿ ಆಗುತ್ತದೆ ಅನ್ನೋದು ಎಲ್ಲರ ತಲೆಯಲ್ಲಿ ಕೂತುಬಿಟ್ಟಿತ್ತು.

ಭೂಸೇನೆಯ ಜನರಲ್ ಶಾರ್ಟ್ ಅವರಿಗೂ ಎಚ್ಚರಿಕೆ ಬಂತು. ಅವರು ಹೆದರಿದ್ದು ಆಕಾಶಕ್ಕಲ್ಲ, ಪಕ್ಕದ ಬೀದಿಗೆ. ದ್ವೀಪಗಳ ಜನರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜಪಾನಿ ಮೂಲದವರು, ಇವರಲ್ಲಿ ಯಾರಾದರೂ ರಾತ್ರಿ ಬಂದು ವಿಮಾನಗಳನ್ನು ಹಾಳುಮಾಡಿದರೆ? ಕಾಯೋದಕ್ಕೆ ಸುಲಭವಾಗಲಿ ಅಂತ ವಿಮಾನಗಳನ್ನು ರನ್‌ವೇ ಪಕ್ಕ ರೆಕ್ಕೆಗೆ ರೆಕ್ಕೆ ತಾಗುವ ಹಾಗೆ ಸಾಲಾಗಿ ನಿಲ್ಲಿಸಿದರು. ಮೇಲಿನಿಂದ ಬಾಂಬ್ ಹಾಕೋನಿಗೆ ಅದಕ್ಕಿಂತ ಸುಲಭದ ಗುರಿ ಇಲ್ಲ.

ಡಿಸೆಂಬರ್ 7ರ ಬೆಳಿಗ್ಗೆ 6.45ರ ಹೊತ್ತಿಗೆ ವಾರ್ಡ್ ಅನ್ನೋ ಡಿಸ್ಟ್ರಾಯರ್ ಬಂದರಿನ ಬಾಯಲ್ಲಿ ಜಪಾನಿನ ಒಂದು ಪುಟ್ಟ ಜಲಾಂತರ್ಗಾಮಿಗೆ ಗುಂಡು ಹೊಡೆದು ಮುಳುಗಿಸಿತು. ವರದಿ ಕಳಿಸಿತು. ಆ ವರದಿ ಒಬ್ಬರಿಂದ ಒಬ್ಬರಿಗೆ ಫೋನಿನಲ್ಲಿ ಹೋಗ್ತಾ, ಸರಿಯಾಗಿ ನೋಡಿ ಖಚಿತ ಮಾಡಿ ಅಂತ ಕೇಳ್ತಾ ಹೊತ್ತು ಹೋಯಿತು. ಆಮೇಲೆ ರೇಡಾರ್. ಒಂದೊಂದಕ್ಕೂ ಒಂದೊಂದು ಸಮಾಧಾನದ ಉತ್ತರ ಇತ್ತು. ಯಾರೂ ಕೆಲಸಗಳ್ಳರಲ್ಲ. ತುಂಡು ತುಂಡಾಗಿ ಎಲ್ಲರ ಕೈಯಲ್ಲೂ ಏನೋ ಇತ್ತು, ಎಲ್ಲವನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡೋ ವ್ಯವಸ್ಥೆ ಇರಲಿಲ್ಲ, ಅದರ ಮೇಲೆ ನೋಡೋಕೆ ಮೊದಲೇ ಮನಸ್ಸು ತೀರ್ಮಾನ ಮಾಡಿಬಿಟ್ಟಿತ್ತು.

ರೂಸ್‌ವೆಲ್ಟ್‌ಗೆ ಮೊದಲೇ ಗೊತ್ತಿತ್ತು, ಬೇಕಂತಲೇ ಬಿಟ್ಟರು ಅನ್ನೋ ಮಾತು ಇವತ್ತಿಗೂ ಓಡಾಡುತ್ತದೆ. ಒಂದಲ್ಲ, ಹಲವು ತನಿಖೆಗಳಾದವು, 1945-46ರಲ್ಲಿ ಕಾಂಗ್ರೆಸ್ಸಿನ ಎರಡೂ ಸದನಗಳ ಜಂಟಿ ಸಮಿತಿಯೂ ಕೂತಿತು. ಆ ಆರೋಪಕ್ಕೆ ಪುರಾವೆ ಸಿಗಲಿಲ್ಲ. ಒಂದು ಸರಳ ಪ್ರಶ್ನೆ ಕೇಳಿಕೊಳ್ಳಿ: ಗೊತ್ತಿದ್ದಿದ್ದರೆ ಹಡಗುಗಳನ್ನು ಎಚ್ಚರವಾಗಿಟ್ಟು ಕಾದಾಡಿದ್ದರೂ ಯುದ್ಧ ಸಿಗುತ್ತಿತ್ತಲ್ವಾ? ಮುಳುಗಿಸಿಕೊಳ್ಳುವ ಅಗತ್ಯ ಏನಿತ್ತು? ಇದಕ್ಕಿಂತ ದೊಡ್ಡ ಪುರಾವೆ ಫಿಲಿಪ್ಪೀನ್ಸ್. ಹವಾಯಿ ಸುದ್ದಿ ಬಂದು ಗಂಟೆಗಳೇ ಕಳೆದ ಮೇಲೂ, ಕ್ಲಾರ್ಕ್ ವಿಮಾನ ನೆಲೆಯಲ್ಲಿ ಅಮೆರಿಕದ ವಿಮಾನಗಳು ನೆಲದ ಮೇಲೇ ನಿಂತಿದ್ದವು, ಅಲ್ಲೇ ಸುಟ್ಟುಹೋದವು. ಗೊತ್ತಿರೋದೇ ಬೇರೆ, ಗೊತ್ತಾದ ತಕ್ಷಣ ಕೈ ಕಾಲು ಆಡೋದೇ ಬೇರೆ.

ಎರಡು ಗಂಟೆ

7.55ರ ಸುಮಾರಿಗೆ ಬಾಂಬ್ ಬಿದ್ದವು. ಮೊದಲ ಅಲೆಯಲ್ಲಿ 183 ವಿಮಾನ, ಒಂದು ಗಂಟೆಯ ನಂತರ ಎರಡನೇ ಅಲೆ. ಅರಿಜೋನಾ ಹಡಗಿನ ಮದ್ದಿನ ಕೋಣೆಗೆ ಬಾಂಬ್ ತಗುಲಿ ಆ ಒಂದೇ ಹಡಗಿನಲ್ಲಿ 1,177 ಮಂದಿ ಸತ್ತರು. ಒಟ್ಟು 2,403. ಎಂಟು ಬ್ಯಾಟಲ್‌ಶಿಪ್‌ಗಳಿಗೂ ಪೆಟ್ಟಾಯಿತು, ನಾಲ್ಕು ಮುಳುಗಿದವು. 188 ವಿಮಾನ ನಾಶ. ಜಪಾನ್ ಕಳೆದುಕೊಂಡಿದ್ದು 29 ವಿಮಾನ, ಐದು ಪುಟ್ಟ ಜಲಾಂತರ್ಗಾಮಿ, 64 ಜನ.

ಸಂಖ್ಯೆ ಓದಿ ಮುಂದೆ ಹೋಗೋದು ಸುಲಭ, ಅದಕ್ಕೆ ಒಂದು ಹಡಗಿನ ಹತ್ತಿರ ಹೋಗಿ ನಿಲ್ಲೋಣ. ವೆಸ್ಟ್ ವರ್ಜೀನಿಯಾ ನೇರವಾಗಿ ಕೆಳಗೆ ಕೂತು ಮುಳುಗಿತು. ಅದರ ತಳದ ಒಂದು ಕೋಣೆಯಲ್ಲಿ ಮೂವರು ಯುವಕರು ಸಿಕ್ಕಿಕೊಂಡಿದ್ದರು. ಕೋಣೆಗೆ ನೀರು ನುಗ್ಗಿರಲಿಲ್ಲ. ದಡದಲ್ಲಿ ಕಾವಲಿದ್ದವರಿಗೆ ಒಳಗಿನಿಂದ ಕಬ್ಬಿಣ ಬಡಿಯೋ ಸದ್ದು ಕೇಳಿಸುತ್ತಿತ್ತು. ಕೊರೆದರೆ ನೀರು ನುಗ್ಗಿ ಸಾಯುತ್ತಾರೆ, ಬಿಟ್ಟರೂ ಸಾಯುತ್ತಾರೆ. ಏನೂ ಮಾಡಲಾಗಲಿಲ್ಲ. ತಿಂಗಳುಗಳ ನಂತರ ಹಡಗನ್ನು ಮೇಲೆತ್ತಿದಾಗ ಆ ಕೋಣೆಯಲ್ಲಿ ಒಂದು ಕ್ಯಾಲೆಂಡರ್ ಸಿಕ್ಕಿತು. ಡಿಸೆಂಬರ್ 7ರಿಂದ 23ರವರೆಗೆ ದಿನಕ್ಕೊಂದು ಗೀಟು ಹಾಕಿದ್ದರು.

ಅತ್ತ ವಾಷಿಂಗ್ಟನ್‌ನಲ್ಲಿ ಜಪಾನಿನ ರಾಯಭಾರಿ ನೊಮುರಾ ಮತ್ತು ವಿಶೇಷ ದೂತ ಕುರುಸು ಮಧ್ಯಾಹ್ನ 1 ಗಂಟೆಗೆ, ಅಂದರೆ ಹವಾಯಿಯ 7.30ಕ್ಕೆ, ಮಾತುಕತೆ ಮುರಿದ ಪತ್ರವನ್ನು ಕೊಡಬೇಕಿತ್ತು. ರಾಯಭಾರ ಕಚೇರಿಯಲ್ಲಿ ಟೈಪ್ ಮಾಡೋದು ತಡವಾಗಿ, ವಿದೇಶಾಂಗ ಕಾರ್ಯದರ್ಶಿ ಕಾರ್ಡೆಲ್ ಹಲ್ ಕೈಗೆ ಅದು ಸಿಕ್ಕಾಗ 2.20. ಆಗಲೇ ಹಡಗುಗಳು ಉರಿಯುತ್ತಿದ್ದವು. ಸಮಯಕ್ಕೆ ಕೊಟ್ಟಿದ್ದರೂ ದೊಡ್ಡ ವ್ಯತ್ಯಾಸ ಆಗುತ್ತಿರಲಿಲ್ಲ, ಅದರಲ್ಲಿ ಯುದ್ಧ ಸಾರಿದ ಮಾತೇ ಇರಲಿಲ್ಲ. ಆದರೆ ಮಾತಾಡ್ತಾ ಮಾತಾಡ್ತಾ ಬೆನ್ನಿಗೆ ಇರಿದರು ಅನ್ನೋ ಚಿತ್ರ ಜನರ ಮನಸ್ಸಿನಲ್ಲಿ ಅಚ್ಚೊತ್ತಿತು.

ಒಡೆದ ಮನೆ ಒಂದಾದದ್ದು

ಡಿಸೆಂಬರ್ 8ರಂದು ರೂಸ್‌ವೆಲ್ಟ್ ಕಾಂಗ್ರೆಸ್ ಮುಂದೆ ಮಾತಾಡಿದ್ದು ಸುಮಾರು ಏಳು ನಿಮಿಷ ಅಷ್ಟೇ. ಭಾಷಣದ ಮೊದಲ ಕರಡಿನಲ್ಲಿ ಆ ದಿನ "ವಿಶ್ವ ಇತಿಹಾಸದಲ್ಲಿ" ಉಳಿಯುತ್ತದೆ ಅಂತಿತ್ತು. ಅದನ್ನು ಅವರೇ ಪೆನ್ಸಿಲ್‌ನಲ್ಲಿ ಹೊಡೆದುಹಾಕಿ, ಕಳಂಕದ ದಿನವಾಗಿ ಉಳಿಯುತ್ತದೆ ಅಂತ ತಿದ್ದಿದರು. ವಾದ ಮಾಡಲಿಲ್ಲ. ಎರಡು ವರ್ಷ ವಾದ ಮಾಡಿ ದಣಿದಿದ್ದ ಮನುಷ್ಯ ಅವತ್ತು ಊರುಗಳ ಹೆಸರು ಹೇಳ್ತಾ ಹೋದರು: ನಿನ್ನೆ ಮಲಯಾ, ನಿನ್ನೆ ರಾತ್ರಿ ಹಾಂಗ್‌ಕಾಂಗ್, ಗುವಾಮ್, ಫಿಲಿಪ್ಪೀನ್ಸ್. ಒಂದು ಗಂಟೆಯೊಳಗೆ ಮತ ಬಿತ್ತು. ಸೆನೆಟ್‌ನಲ್ಲಿ 82-0. ಪ್ರತಿನಿಧಿ ಸಭೆಯಲ್ಲಿ 388-1.

ನಾಲ್ಕು ತಿಂಗಳ ಹಿಂದಿನ 203-202 ನೆನಪಿದೆಯಾ? ಅದೇ ಸಭೆ, ಅದೇ ಜನ. ಅಮೆರಿಕ ಫಸ್ಟ್ ಸಮಿತಿ ಡಿಸೆಂಬರ್ 11ರಂದು ತನ್ನನ್ನು ತಾನೇ ವಿಸರ್ಜಿಸಲು ತೀರ್ಮಾನಿಸಿತು. ಅವರು ಸೋತು ಮನಸ್ಸು ಬದಲಾಯಿಸಿದರು ಅಂತ ನಾನು ಹೇಳೋದಿಲ್ಲ. ಅವರು ತಮ್ಮ ಮಾತಿಗೇ ಬದ್ಧರಾಗಿದ್ದರು. ದಾಳಿಯಾದರೆ ಬೇರೆ ಅಂತ ಮೊದಲಿಂದ ಹೇಳಿದ್ದರು, ದಾಳಿ ಆಯಿತು. ಜಪಾನ್ ಸರಿಯಾಗಿ ಆ ಒಂದು ಬಾಗಿಲನ್ನೇ ಒದ್ದಿತ್ತು. ರೂಬೆನ್ ಜೇಮ್ಸ್ ಬಗ್ಗೆ ವಾದ ಮಾಡಬಹುದಿತ್ತು, ಪನಾಯ್ ಬಗ್ಗೆ ಪರಿಹಾರ ತಗೊಂಡು ಸುಮ್ನಿರಬಹುದಿತ್ತು. ಲಂಗರು ಹಾಕಿ ನಿಂತ ಹಡಗು, ಭಾನುವಾರ, ಮಲಗಿದ್ದ ನಾವಿಕರು, ಇದರ ಬಗ್ಗೆ ವಾದ ಮಾಡೋಕೆ ಏನೂ ಉಳಿದಿರಲಿಲ್ಲ.

ಆದರೆ ಒಂದು ಸಿಕ್ಕು ಇನ್ನೂ ಇತ್ತು. ರೂಸ್‌ವೆಲ್ಟ್ ಹೆಚ್ಚು ಹೆದರಿದ್ದು ಜರ್ಮನಿಗೆ, ದಾಳಿ ಮಾಡಿದ್ದು ಜಪಾನ್. 8ನೇ ತಾರೀಖು ಅವರು ಜರ್ಮನಿ ಮೇಲೆ ಯುದ್ಧ ಕೇಳಲೇ ಇಲ್ಲ, ಕೇಳಿದ್ದರೆ ಮತ್ತೆ ಸಭೆ ಒಡೆಯಬಹುದಿತ್ತು. ಕಾದರು. ಡಿಸೆಂಬರ್ 11ರಂದು ಹಿಟ್ಲರ್ ತಾನಾಗಿಯೇ ಅಮೆರಿಕದ ಮೇಲೆ ಯುದ್ಧ ಸಾರಿದ. ಜಪಾನ್ ತಾನೇ ಮೊದಲು ಹೊಡೆದಿದ್ದರಿಂದ ಒಪ್ಪಂದದ ಪ್ರಕಾರ ಹಾಗೆ ಮಾಡಲೇಬೇಕು ಅಂತೇನೂ ಇರಲಿಲ್ಲ. ಆ ಮೂರು ದಿನ ಕಾದದ್ದು ರೂಸ್‌ವೆಲ್ಟ್ ತೆಗೆದುಕೊಂಡ ಒಳ್ಳೆಯ ನಿರ್ಧಾರಗಳಲ್ಲಿ ಒಂದು ಅಂತ ನಾನು ನಂಬುತ್ತೇನೆ.

ಯುದ್ಧದ ಲೆಕ್ಕದಲ್ಲೂ ದಾಳಿ ಅರ್ಧಕ್ಕೇ ನಿಂತಿತ್ತು. ವಿಮಾನವಾಹಕ ಹಡಗುಗಳು ಅವತ್ತು ಬಂದರಿನಲ್ಲಿ ಇರಲೇ ಇಲ್ಲ. ಎಣ್ಣೆ ಟ್ಯಾಂಕುಗಳು, ರಿಪೇರಿ ಕಟ್ಟೆಗಳು, ಜಲಾಂತರ್ಗಾಮಿ ನೆಲೆ ಹಾಗೇ ಉಳಿದವು. ದಾಳಿಯ ಪಡೆಯನ್ನು ನಡೆಸಿದ್ದ ಅಡ್ಮಿರಲ್ ನಗುಮೊ ಮೂರನೇ ಅಲೆ ಕಳಿಸದೆ ವಾಪಸ್ ಹೊರಟರು. ಸುಮಾರು ಆರು ತಿಂಗಳಿಗೆ, 1942ರ ಜೂನ್‌ನಲ್ಲಿ, ದಾಳಿಗೆ ಬಂದಿದ್ದ ಆರು ವಾಹಕ ಹಡಗುಗಳಲ್ಲಿ ನಾಲ್ಕು ಶಾಂತ ಸಾಗರದ ಮಿಡ್‌ವೇ ದ್ವೀಪದ ಹತ್ತಿರ ಅಮೆರಿಕದ ಏಟಿಗೆ ಮುಳುಗಿದವು. ಆ ಯುದ್ಧದ ಅಲೆ ನಮ್ಮವರೆಗೂ ಬಂತು. 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಗಿದ್ದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಪಡೆಯ ಕೈಗೆ ಹೋಗಿ, ಅವರ ವಿಮಾನಗಳ ರಿಪೇರಿ ಕೇಂದ್ರವಾಯಿತು.

ಇದರಿಂದ ನಾನು ಕಲಿತದ್ದು

ಹಿಂಜರಿಯುವ ಎದುರಾಳಿಯನ್ನು ದುರ್ಬಲ ಅಂತ ಓದಿದ್ದು ಜಪಾನಿನ ಮೂಲ ತಪ್ಪು. ಹಿಂಜರಿಕೆ ಇರೋದು ಒಳಗೆ ಜಗಳ ಇರೋದರಿಂದ. ಆ ಜಗಳ ನಡೀತಾ ಇರೋದು ಆಕ್ರಮಣಕಾರನಿಗೆ ಲಾಭ. ಅನಿರೀಕ್ಷಿತ ಏಟು ಆ ಜಗಳವನ್ನು ಒಂದೇ ದಿನದಲ್ಲಿ ನಿಲ್ಲಿಸುತ್ತದೆ. ಜಪಾನ್ ಹಡಗು ಗೆದ್ದು, ತನಗಿದ್ದ ಅತಿ ದೊಡ್ಡ ಆಸರೆಯನ್ನು, ಅಂದರೆ ಅಮೆರಿಕನ್ನರ ನಡುವಿನ ಭಿನ್ನಮತವನ್ನು, ತಾನೇ ಕೈಯಾರೆ ನಾಶಮಾಡಿತು.

ಇದಕ್ಕೆ ಇನ್ನೊಂದು ಮುಖ ಇದೆ. ಅದನ್ನು ಬರೆಯದೆ ಈ ಪ್ರಕರಣ ಮುಗಿಸಿದರೆ ಅನ್ಯಾಯ. 388-1ರಲ್ಲಿ ಆ ಒಂದು ಮತ ಮೊಂಟಾನಾದ ಜೆನೆಟ್ ರ‍್ಯಾಂಕಿನ್ ಅವರದ್ದು. 1917ರಲ್ಲೂ ಅವರು ಯುದ್ಧದ ವಿರುದ್ಧ ಮತ ಹಾಕಿದ್ದರು. ಮತ ಹಾಕಿ ಹೊರಬಂದ ಮೇಲೆ ಜನರ ಸಿಟ್ಟಿಗೆ ಹೆದರಿ ಒಂದು ಟೆಲಿಫೋನ್ ಬೂತ್‌ನಲ್ಲಿ ನಿಲ್ಲಬೇಕಾಯಿತು, ಪೊಲೀಸರು ಬಂದು ಕಚೇರಿಗೆ ತಲುಪಿಸಿದರು. ಅವರ ಮತ ತಪ್ಪು ಅಂತ ನನ್ನ ಅಭಿಪ್ರಾಯ. ಆದರೆ ಒಂದು ದಿನದ ಹಿಂದಿನವರೆಗೆ ದೇಶದ ಅರ್ಧ ಜನ ಹೇಳುತ್ತಿದ್ದ ಮಾತನ್ನು ಹೇಳಿದ ಹೆಂಗಸು ಬೂತ್‌ನಲ್ಲಿ ಅಡಗಬೇಕಾಯಿತು ಅನ್ನೋದು, ಆ ಒಗ್ಗಟ್ಟು ಎಷ್ಟು ಬಿಸಿ ಇತ್ತು ಅಂತ ತೋರಿಸುತ್ತದೆ.

ಆ ಬಿಸಿ ನೆರೆಮನೆಯವರನ್ನೂ ಸುಟ್ಟಿತು. 1942ರ ಫೆಬ್ರವರಿ 19ರಂದು ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ, ಅಂಗಡಿ, ಹೊಲ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಕಳಿಸಿದರು. ಅವರಲ್ಲಿ ಮೂರರಲ್ಲಿ ಎರಡು ಭಾಗ ಅಮೆರಿಕದ ಪ್ರಜೆಗಳೇ. ದಾಳಿಗೆ ಮೊದಲು ವಿಮಾನಗಳನ್ನು ಸಾಲಾಗಿ ನಿಲ್ಲಿಸಿದ ಭಯವೇ ಇದು, ದಾಳಿಯ ನಂತರ ಇನ್ನೂ ದೊಡ್ಡದಾಗಿ ಬೆಳೆದಿತ್ತು. ಎರಡೂ ಸಲ ಅದು ತಪ್ಪು ಜನರ ಕಡೆ ಬೊಟ್ಟು ಮಾಡಿತು. ಸರ್ಕಾರ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಡಲು ಕಾಯ್ದೆ ಮಾಡಿದ್ದು 1988ರಲ್ಲಿ.

ಡಿಸೆಂಬರ್ 7ರ ಬೆಳಿಗ್ಗೆ ವಾಷಿಂಗ್ಟನ್‌ನಲ್ಲಿ ಭೂಸೇನೆಯ ಮುಖ್ಯಸ್ಥ ಜನರಲ್ ಮಾರ್ಷಲ್ ಕೊನೆಯ ಎಚ್ಚರಿಕೆ ಒಂದನ್ನು ಬರೆದಿದ್ದರು. ಸೈನ್ಯದ ರೇಡಿಯೊ ಹವಾಯಿಗೆ ಸಿಗಲಿಲ್ಲ, ಹಾಗಾಗಿ ಸಾಮಾನ್ಯ ತಂತಿ ಕಂಪನಿ ಮೂಲಕ ಕಳಿಸಿದರು. ಅದು ಹೊನೊಲುಲು ಕಚೇರಿಗೆ ಬಂದಾಗ 7.33. ತುರ್ತು ಅನ್ನೋ ಗುರುತು ಅದರ ಮೇಲೆ ಇರಲಿಲ್ಲ. ತಂತಿ ಹಂಚುವ ಹುಡುಗನೊಬ್ಬ ಬೇರೆ ಕಾಗದಗಳ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಂಡು ಮೋಟರ್‌ಬೈಕ್ ಹತ್ತಿದ. ದಾರಿಯಲ್ಲಿ ಬಾಂಬ್, ಹೊಗೆ, ಗಾಬರಿಯಾದ ಜನ, ಅಲ್ಲಲ್ಲಿ ತಡೆ. ಅವನು ವಾಪಸ್ ಹೋಗಲಿಲ್ಲ. 11.45ರ ಹೊತ್ತಿಗೆ ಸೇನಾ ಕೇಂದ್ರಕ್ಕೆ ತಂತಿ ತಲುಪಿಸಿದ. ಅದರ ಸಂಕೇತ ಬಿಡಿಸಿ ಜನರಲ್ ಶಾರ್ಟ್ ಕೈಗೆ ಕೊಡುವಾಗ ಮಧ್ಯಾಹ್ನ 3ರ ಹತ್ತಿರ. ಆ ಹುಡುಗ ಜಪಾನಿ ಮೂಲದವನು.